ಹಳೆಯ ಪಿಸ್ತೂಲಿಗೆ ಹೊಸ ಜನ್ಮ

1926ರ ನವೆಂಬರ್ 26. ಬೆಲ್ಜಿಯಂನ ಲಿಯೇಜ್ ನಗರದ ಮಗ್ಗುಲಲ್ಲಿರುವ ಹರ್ಸ್ಟಾಲ್‌ನ ಬಂದೂಕು ಕಾರ್ಖಾನೆಯಲ್ಲಿ ಕೆಲಸದಲ್ಲಿ ತೊಡಗಿದ್ದ 71 ವರ್ಷದ ಅಮೆರಿಕನ್ನರೊಬ್ಬರು ಹೃದಯಾಘಾತಕ್ಕೆ ತುತ್ತಾಗಿ ಅಲ್ಲಿಯೇ ಕೊನೆಯುಸಿರೆಳೆದರು. ಅವರು ಜಾನ್ ಮೋಸೆಸ್ ಬ್ರೌನಿಂಗ್. ಆಧುನಿಕ ಬಂದೂಕುಗಳ ಚರಿತ್ರೆಯಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಅವರು ಅಪೂರ್ಣವಾಗಿ ಬಿಟ್ಟುಹೋದ ಕೆಲಸಗಳಲ್ಲಿ ಒಂದು ಪಿಸ್ತೂಲೂ ಇತ್ತು. ಅದರ ಪೇಟೆಂಟಿಗೆ 1923ರಲ್ಲೇ ಅರ್ಜಿ ಹಾಕಿದ್ದರೂ ಅದು ಮಂಜೂರಾದದ್ದು ಅವರು ತೀರಿಕೊಂಡ ಮೂರು ತಿಂಗಳ ನಂತರ, 1927ರ ಫೆಬ್ರುವರಿಯಲ್ಲಿ.

ಆ ಪಿಸ್ತೂಲೇ ಮುಂದೆ ‘ಬ್ರೌನಿಂಗ್ ಹೈ ಪವರ್’ ಎಂದು ಹೆಸರಾಯಿತು. ಐವತ್ತಕ್ಕೂ ಹೆಚ್ಚು ದೇಶಗಳ ಸೈನಿಕರ ಸೊಂಟದಲ್ಲಿ ತೂಗಾಡಿ, ಎಂಟು ದಶಕಗಳ ನಂತರ, 2018ರ ಹೊತ್ತಿಗೆ ಅದರ ತಯಾರಿಕೆ ನಿಂತುಹೋಯಿತು. ಕತೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಆದರೆ ಮೂರೇ ವರ್ಷಗಳಲ್ಲಿ, 2021ರ ಅಕ್ಟೋಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಕಂಪನಿ ಅದೇ ರೂಪದ ‘ಎಸ್‌ಎ-35’ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಆರಂಭದ ಬೆಲೆ 699 ಡಾಲರ್. ಅಲ್ಲಿನ ಬಂದೂಕು ಪ್ರಿಯರ ಮುಂದೆ ಆಗ ಎದ್ದ ಪ್ರಶ್ನೆ ಸರಳವಾದದ್ದು: ಇದನ್ನು ಕೊಳ್ಳಬೇಕೆ, ಬೇಡವೆ? ಪ್ರಶ್ನೆ ಸರಳವಾದರೂ ಉತ್ತರ ಸರಳವಲ್ಲ. ಏಕೆಂದರೆ ಕೊಳ್ಳುವವನು ನಿಜವಾಗಿ ಕೊಳ್ಳುವುದು ಏನನ್ನು ಎಂಬುದೇ ಮೊದಲು ಇತ್ಯರ್ಥವಾಗಬೇಕು.

ಇಬ್ಬರ ಕೈಕೆಲಸ

‘ಅಸಲಿ’ ಎಂದು ಕರೆಯುವ ಪಿಸ್ತೂಲೂ ಒಬ್ಬರ ಸೃಷ್ಟಿಯಲ್ಲ. ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನ ಸೇನೆ ಹೊಸ ಪಿಸ್ತೂಲು ಬೇಕೆಂದಿತು. ಅದಕ್ಕಾಗಿ ಎಫ್‌ಎನ್ ಎಂದು ಪ್ರಸಿದ್ಧವಾದ ಹರ್ಸ್ಟಾಲ್‌ನ ಕಾರ್ಖಾನೆ ಬ್ರೌನಿಂಗ್ ಅವರ ಮೊರೆಹೊಕ್ಕಿತು. ಆದರೆ ಬ್ರೌನಿಂಗ್ ತಮ್ಮ ಹಿಂದಿನ ಪ್ರಸಿದ್ಧ ಪಿಸ್ತೂಲು ‘1911’ರ ಹಕ್ಕನ್ನು ಅಮೆರಿಕದ ಕೋಲ್ಟ್ ಕಂಪನಿಗೆ ಮಾರಿಬಿಟ್ಟಿದ್ದರು. ಹೀಗಾಗಿ ತಮ್ಮದೇ ಕಲ್ಪನೆಗಳನ್ನು ತಾವೇ ಬಳಸಿಕೊಳ್ಳಲಾಗದೆ ಸುತ್ತಿ ಬಳಸಿ ಬೇರೆ ದಾರಿ ಹುಡುಕಬೇಕಾಯಿತು.

ಅವರ ನಂತರ ಕೆಲಸವನ್ನು ಮುಂದುವರಿಸಿದವರು ಎಫ್‌ಎನ್‌ನ ತಂತ್ರಜ್ಞ ದಿಯುದೊನೆ ಸೇವ್. 1928ರಲ್ಲಿ ಕೋಲ್ಟ್‌ನ ಪೇಟೆಂಟುಗಳ ಅವಧಿ ಮುಗಿದಾಗ ‘1911’ರ ಒಳ್ಳೆಯ ಅಂಶಗಳನ್ನು ಅವರು ಹೊಸದಕ್ಕೆ ಅಳವಡಿಸಿದರು. ಗುಂಡುಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸುವ ಬದಲು ಅಕ್ಕಪಕ್ಕ ಸರಿಸಿ ಎರಡು ಸಾಲಿನಲ್ಲಿ ಕೂರಿಸುವ ಮ್ಯಾಗಜೀನು ಅವರದೇ ಕೊಡುಗೆ. ‘1911’ರಲ್ಲಿ ಏಳು ಗುಂಡು ಹಿಡಿಯುತ್ತಿದ್ದರೆ ಇದರಲ್ಲಿ ಹದಿಮೂರು! ಹಾಗೆಂದು ಹಿಡಿ ದಪ್ಪವಾಗಿ ಕೈಗೆ ಒಗ್ಗದಂತೆ ಆಗಲಿಲ್ಲ. ಕುತೂಹಲದ ಸಂಗತಿಯೆಂದರೆ, ಯಾರಿಗಾಗಿ ಇಷ್ಟೆಲ್ಲ ಪಾಡುಪಟ್ಟರೋ ಆ ಫ್ರಾನ್ಸ್ ಇದನ್ನು ಕೊಳ್ಳಲೇ ಇಲ್ಲ. 1935ರಲ್ಲಿ ಬೆಲ್ಜಿಯಂ ಸೇನೆ ಸ್ವೀಕರಿಸಿತು. ಹೊಸ ಪಿಸ್ತೂಲಿನ ಹೆಸರಿನಲ್ಲಿರುವ ‘35’ ಈ ಇಸವಿಯ ನೆನಪು.

ಎರಡೂ ಪಾಳೆಯದಲ್ಲಿ

1940ರಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಅನ್ನು ಆಕ್ರಮಿಸಿತು. ಹರ್ಸ್ಟಾಲ್ ಕಾರ್ಖಾನೆ ಜರ್ಮನರ ಕೈಸೇರಿ, ಅವರಿಗಾಗಿ ಮೂರು ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ತಯಾರಿಸಿತು. ಸೇವ್ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದರು. ಇತ್ತ ಮಿತ್ರರಾಷ್ಟ್ರಗಳ ಪರವಾಗಿ ಕೆನಡಾದ ಟೊರಾಂಟೊ ನಗರದ ಜಾನ್ ಇಂಗ್ಲಿಸ್ ಕಂಪನಿ 1944ರಲ್ಲಿ ಇದೇ ಪಿಸ್ತೂಲಿನ ತಯಾರಿಕೆ ಆರಂಭಿಸಿತು. ಮೊದಲ ಬೇಡಿಕೆ ಬಂದದ್ದು ಜಪಾನಿನೊಂದಿಗೆ ಹೋರಾಡುತ್ತಿದ್ದ ಚೀನಾದಿಂದ. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಂದ ಸುಮಾರು ಒಂದೂವರೆ ಲಕ್ಷ ಪಿಸ್ತೂಲುಗಳು ಹೊರಬಂದಿದ್ದವು. ಒಂದೇ ಆಯುಧವನ್ನು ಎರಡೂ ಪಾಳೆಯದವರು ಹಿಡಿದು ಕಾದಾಡಿದ ಇಂಥ ಉದಾಹರಣೆಗಳು ವಿರಳ.

ಬ್ರಿಟನ್ 1954ರಲ್ಲಿ ಇದನ್ನು ತನ್ನ ಸೇನೆಗೆ ಆರಿಸಿಕೊಂಡಿತು. 2013ರಲ್ಲಿ ಆಸ್ಟ್ರಿಯಾದ ಗ್ಲಾಕ್ ಬರುವವರೆಗೂ ಇಟ್ಟುಕೊಂಡಿತು. ಕೆನಡಾದ ಸೈನಿಕರಂತೂ ಯುದ್ಧಕಾಲದಲ್ಲಿ ತಯಾರಾದ ಪಿಸ್ತೂಲುಗಳನ್ನೇ ಸುಮಾರು ಎಂಟು ದಶಕ ಬಳಸಿದರು. ಕುಖ್ಯಾತಿಯೂ ಇದಕ್ಕೆ ಕಡಿಮೆಯಿಲ್ಲ. 1981ರ ಮೇ 13ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರ ಮೇಲೆ ಗುಂಡು ಹಾರಿದ್ದು ಇದೇ ಜಾತಿಯ ಪಿಸ್ತೂಲಿನಿಂದ. 2011ರಲ್ಲಿ ಲಿಬಿಯಾದ ಗಡಾಫಿ ಸೆರೆಸಿಕ್ಕಾಗ ಅವರ ಚಿನ್ನದ ಲೇಪದ ಬ್ರೌನಿಂಗನ್ನು ಎತ್ತಿಹಿಡಿದ ಯುವಕನ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಭಾರತಕ್ಕೂ ಇದು ಪರದೇಶಿಯಲ್ಲ. ಕೋಲ್ಕತ್ತದ ಬಳಿಯ ಇಷಾಪುರ ರೈಫಲ್ ಕಾರ್ಖಾನೆ ‘ಪಿಸ್ತೂಲ್ ಆಟೊ 9 ಎಂಎಂ 1ಎ’ ಹೆಸರಿನಲ್ಲಿ ತಯಾರಿಸಿದ್ದು ಕೆನಡಾದ ಇಂಗ್ಲಿಸ್ ಮಾದರಿಯನ್ನು ಅನುಸರಿಸಿದ ಇದೇ ಪಿಸ್ತೂಲನ್ನು. ದಶಕಗಳ ಕಾಲ ನಮ್ಮ ಸೇನಾಧಿಕಾರಿಗಳ ಸೊಂಟದಲ್ಲಿದ್ದದ್ದು ಅದೇ. ಅಮೆರಿಕದಲ್ಲಿ ಹಳೆಯ ಕಾಲದ ಸೊಬಗೆಂದು ಮಾರಾಟವಾಗುವ ವಸ್ತು ಇಲ್ಲಿ ದಿನನಿತ್ಯದ ಸರ್ಕಾರಿ ಸರಂಜಾಮು. ಸಾಮಾನ್ಯ ನಾಗರಿಕನಿಗೆ ಮಾತ್ರ ಇದು ದಕ್ಕುವಂಥದಲ್ಲ. ನಮ್ಮ ಕಾನೂನಿನಲ್ಲಿ 9 ಎಂಎಂ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರುತ್ತದೆ.

ಹೆಸರು ಯಾರದು, ರೂಪ ಯಾರದು?

ಈಗ ಹೊಸ ಪಿಸ್ತೂಲಿಗೆ ಬರೋಣ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಹೆಸರು ಕೇಳಿದೊಡನೆ ಅಮೆರಿಕನ್ನರಿಗೆ ನೆನಪಾಗುವುದು ಮ್ಯಾಸಚೂಸೆಟ್ಸ್‌ನ ಸರ್ಕಾರಿ ಶಸ್ತ್ರಾಗಾರ. 1794ರಲ್ಲಿ ಆರಂಭವಾದ ಆ ಸಂಸ್ಥೆ 1968ರಲ್ಲಿ ಮುಚ್ಚಿತು. ಇಂದಿನ ಕಂಪನಿ ಇಲಿನಾಯ್ ರಾಜ್ಯದ್ದು. 1974ರಲ್ಲಿ ಆ ಹೆಸರನ್ನು ತನ್ನದಾಗಿಸಿಕೊಂಡದ್ದು. ಹಳೆಯದಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಹೈ ಪವರ್ ಜೊತೆಗಂತೂ ವಂಶದ ನಂಟು ಇಲ್ಲವೇ ಇಲ್ಲ.

ನಿಜವಾದ ವಾರಸುದಾರ ಎಫ್‌ಎನ್ ಕೂಡ ಸುಮ್ಮನೆ ಕೂರಲಿಲ್ಲ. 2022ರ ಆರಂಭದಲ್ಲಿ ತನ್ನದೇ ‘ಹೈ ಪವರ್’ ಬಿಡುಗಡೆ ಮಾಡಿತು. ಹದಿನೇಳು ಗುಂಡು, ಎಡಗೈಯವರಿಗೂ ಬಲಗೈಯವರಿಗೂ ಒಗ್ಗುವ ಗುಂಡಿಗಳು, 1,269 ಡಾಲರ್‌ನ ಬೆಲೆ. ಆದರೆ ಹಳೆಯ ಪಿಸ್ತೂಲಿನ ಮ್ಯಾಗಜೀನು ಇದಕ್ಕೆ ಹೊಂದುವುದಿಲ್ಲ. ಹೊರನೋಟಕ್ಕೆ ಹೋಲಿಕೆ ಇದ್ದರೂ ಒಳಗೆ ಬೇರೆಯೇ ಯಂತ್ರ. ಅಂದರೆ ಮನೆಯ ಮಗ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿದ; ಹೊರಗಿನವನು ಹಳೆಯ ಮನೆಯನ್ನು ಹಾಗೆಯೇ ಉಳಿಸಿ ಸುಣ್ಣ ಬಳಿದ! ಟರ್ಕಿಯ ಗಿರ್ಸಾನ್ ಕಂಪನಿಯೂ ಇದೇ ಮಾದರಿಯ ಪಿಸ್ತೂಲನ್ನು ಅಮೆರಿಕದ ಪೇಟೆಗೆ ಇಳಿಸಿತು. ಮೈಸೂರಿನ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿ, 2018ರಲ್ಲಿ ಬೇರೊಬ್ಬರು ಅದೇ ಹೆಸರಿನ ಮೋಟಾರ್ ಸೈಕಲ್ ತಂದಾಗ ಹಳೆಯ ಜಾವಾ ಪ್ರಿಯರಲ್ಲಿ ಎದ್ದ ಗೊಂದಲವೂ ಇದಕ್ಕಿಂತ ಬೇರೆಯಲ್ಲ.

ಲಾಭ ನಷ್ಟದ ಲೆಕ್ಕ

ಹಳೆಯ ಹೈ ಪವರ್‌ನ ದೋಷಗಳನ್ನು ಬಳಸಿದವರೆಲ್ಲ ಬಲ್ಲರು. ಗುಂಡು ಹಾರಿದಾಗ ಹಿಂದಕ್ಕೆ ಬಾಗುವ ಹ್ಯಾಮರ್ ಹೆಬ್ಬೆರಳ ಸಂದಿನ ಚರ್ಮವನ್ನು ಕಚ್ಚುತ್ತಿತ್ತು. ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ಕೀಲು ತೀರ ಚಿಕ್ಕದು. ಗುರಿ ನೋಡುವ ಮೊನೆಗಳು ಕಣ್ಣಿಗೆ ಕಾಣಿಸದಷ್ಟು ಸಣ್ಣವು. ಎಸ್‌ಎ-35ರಲ್ಲಿ ಹ್ಯಾಮರಿನ ಆಕಾರ ಬದಲಾಯಿತು, ಸೇಫ್ಟಿ ಉದ್ದವಾಯಿತು, ಗುಂಡುಗಳ ಸಂಖ್ಯೆ ಹದಿನೈದಕ್ಕೆ ಏರಿತು. ಉಕ್ಕಿನ ಮೈ, ಅಕ್ರೋಟು ಮರದ ಹಿಡಿ, ಸುಮಾರು 900 ಗ್ರಾಂ ತೂಕ ಹಿಂದಿನಂತೆಯೇ ಉಳಿದವು. ಹಳೆಯ ಮ್ಯಾಗಜೀನುಗಳೂ ಇದಕ್ಕೆ ಹೊಂದುತ್ತವೆ.

ಆದರೆ ಒಂದು ಬದಲಾವಣೆಯನ್ನು ನಿಂತು ನೋಡಬೇಕು. ಮೂಲ ಪಿಸ್ತೂಲಿನಲ್ಲಿ ಮ್ಯಾಗಜೀನು ಹೊರತೆಗೆದರೆ ಟ್ರಿಗರ್ ಕೆಲಸ ಮಾಡುತ್ತಿರಲಿಲ್ಲ. ಮ್ಯಾಗಜೀನು ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು ಎಂಬುದನ್ನು ಮರೆಯುವವರಿಗಾಗಿ ಫ್ರೆಂಚ್ ಸೇನೆ ಕೇಳಿದ್ದ ಏರ್ಪಾಡು ಅದು. ಇದರಿಂದ ಟ್ರಿಗರ್ ಎಳೆಯುವುದು ಒರಟಾಗುತ್ತದೆ ಎಂದು ಗುರಿಕಾರರು ಗೊಣಗುತ್ತಿದ್ದರು. ಅನೇಕರು ಅದನ್ನು ಕಿತ್ತೇ ಹಾಕುತ್ತಿದ್ದರು. ಎಸ್‌ಎ-35ರಲ್ಲಿ ಅದನ್ನು ಕಂಪನಿಯೇ ಕೈಬಿಟ್ಟಿತು. ಟ್ರಿಗರ್ ನಯವಾಯಿತು, ಮರೆವಿಗೆ ಇದ್ದ ರಕ್ಷಣೆ ಹೋಯಿತು.

ಇನ್ನೊಂದು ಮಾತು. ಈ ಪಿಸ್ತೂಲಿನಲ್ಲಿ ಮೊದಲ ಗುಂಡಿಗೆ ಹ್ಯಾಮರನ್ನು ಹಿಂದಕ್ಕೆಳೆದಿರಬೇಕು. ತಕ್ಷಣ ಬಳಸಲು ಸಿದ್ಧವಾಗಿರಬೇಕೆಂದರೆ ಹ್ಯಾಮರ್ ಎಳೆದು, ಸೇಫ್ಟಿ ಹಾಕಿ ಇಟ್ಟುಕೊಳ್ಳಬೇಕು. ಅದಕ್ಕೆ ವರ್ಷಗಳ ಅಭ್ಯಾಸ ಬೇಕು. ಸೇನೆಗಳು ಗ್ಲಾಕ್‌ನಂಥ ಪಿಸ್ತೂಲಿಗೆ ಹೋದದ್ದಕ್ಕೆ ಅವು ಹಗುರ ಎಂಬುದಷ್ಟೇ ಕಾರಣವಲ್ಲ. ಅವನ್ನು ಕಲಿಸುವುದೂ ಸುಲಭ.

ಆದ್ದರಿಂದ ಉತ್ತರ ಕೊಳ್ಳುವವನ ಉದ್ದೇಶವನ್ನು ಅವಲಂಬಿಸಿದೆ. ಚರಿತ್ರೆ ಬೇಕೆನ್ನುವ ಸಂಗ್ರಾಹಕನಿಗೆ ಹೊಸದರಿಂದ ಪ್ರಯೋಜನವಿಲ್ಲ; ಬೆಲ್ಜಿಯಂನ ಮುದ್ರೆಯಿರುವ, ಯುದ್ಧ ಕಂಡ ಹಳೆಯದೇ ಅವನಿಗೆ ಬೇಕು. ಹಾಗೆಂದು ಅಂಥದರಿಂದ ವಾರವಾರ ಗುಂಡು ಹಾರಿಸಿ ಸವೆಸಲು ಅವನಿಗೆ ಮನಸ್ಸು ಬಾರದು. ಅದೇ ಹಿಡಿತದ, ಅದೇ ತೂಕದ ಪಿಸ್ತೂಲಿನಲ್ಲಿ ಅಭ್ಯಾಸದ ಮೈದಾನಕ್ಕೆ ಹೋಗಬೇಕೆನ್ನುವವನಿಗೆ 699 ಡಾಲರ್ ದುಬಾರಿಯಾಗಿರಲಿಲ್ಲ. ಸತ್ತುಹೋದ ವಿನ್ಯಾಸವೊಂದು ಗಾಜಿನ ಪೆಟ್ಟಿಗೆಯಿಂದ ಹೊರಬಂದು ಮತ್ತೆ ಕೈಗೆ ಸಿಕ್ಕದ್ದು ಅವನಿಗೆ ಲಾಭವೇ.

ಮನೆಯ ರಕ್ಷಣೆಗೆಂದು ಕೊಳ್ಳುವವನು ಮಾತ್ರ ಇನ್ನೊಂದು ಲೆಕ್ಕ ಹಾಕಬೇಕು. ಎಸ್‌ಎ-35 ಬಿಡುಗಡೆಯಾದ 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಕೊಂದವರೂ ಸತ್ತವರೂ ಒಬ್ಬರೇ. ಹಳೆಯ ಕೈಗಡಿಯಾರ ಕೊಂಡವನು ಅದನ್ನು ಮೇಜಿನ ಮೇಲೆ ಬಿಟ್ಟು ಮಲಗಬಹುದು. ಪಿಸ್ತೂಲು ಕೊಂಡವನು ಹಾಗೆ ಮಾಡಲಾಗದು. ಅಕ್ರೋಟು ಮರದ ಹಿಡಿಯ ಅಂದ, ಬ್ರೌನಿಂಗ್ ಅವರ ಹೆಸರು, ಎಂಬತ್ತು ವರ್ಷಗಳ ಚರಿತ್ರೆ ಎಲ್ಲವನ್ನೂ ತೂಗಿ ನೋಡಿದ ಮೇಲೆ ಅಂಗಡಿಯ ಮುಂದೆ ಅವನಿಗೆ ಉಳಿಯುವ ಪ್ರಶ್ನೆಗಳು ಎರಡೇ. ಅದನ್ನು ಮನೆಯಲ್ಲಿ ಎಲ್ಲಿಟ್ಟು ಬೀಗ ಹಾಕುವುದು? ಆ ಬೀಗದ ಕೈ ಇನ್ನಾರಿಗೆ ಸಿಗುತ್ತದೆ?