ನಿಂತ ದೋಣಿ, ನಡೆದ ಲೇಖನಿ

ಬೆಂಗಳೂರಿನ ಅರಮನೆ ರಸ್ತೆಯಲ್ಲಿ, ದಂಡು ಪ್ರದೇಶಕ್ಕೆ ಸಮೀಪದಲ್ಲಿ, ‘ಬಾಲಬ್ರೂಯಿ’ ಎಂಬ ಹಳೆಯ ಬಂಗಲೆಯೊಂದಿದೆ. ಕಮಿಷನರ್ ಆಗಿ ಮೈಸೂರನ್ನು ಆಳಿದ ಮಾರ್ಕ್ ಕಬ್ಬನ್ ಕಾಲದ ನೆನಪು ಅದರದು. ಕಬ್ಬನ್ ಹುಟ್ಟಿದ್ದು ಐರಿಷ್ ಸಮುದ್ರದ ನಡುವಿನ ಮಾನ್ ದ್ವೀಪದಲ್ಲಿ. ಬಂಗಲೆಯ ಹೆಸರೂ ಆ ದ್ವೀಪದ್ದೇ. ರವೀಂದ್ರನಾಥ ಠಾಕೂರರ ‘ಶೇಷೇರ್ ಕವಿತಾ’ ಕಾದಂಬರಿಯ ಕೊನೆಯ ಪುಟದಲ್ಲಿ ಈ ಬಂಗಲೆಯ ಹೆಸರಿದೆ, ಜೊತೆಗೆ 25 ಜೂನ್ 1928 ಎಂಬ ದಿನಾಂಕವಿದೆ.

ಕಾದಂಬರಿ ಬಂಗಾಳಿಯದು. ಕಥೆ ನಡೆಯುವುದು ಶಿಲ್ಲಾಂಗಿನ ಬೆಟ್ಟಗಳಲ್ಲಿ. ಹಾಗಾದರೆ ಅದು ಮುಗಿದದ್ದು ಬೆಂಗಳೂರಿನಲ್ಲಿ ಹೇಗೆ? ಇದನ್ನು ತಿಳಿಯಬೇಕಾದರೆ ಮೊದಲು ನಾವು ದೋಣಿ ಹತ್ತಬೇಕು.

ನೀರಿನ ಮೇಲೆ ಬದುಕುತ್ತಾ ಬರೆದವರು ಜಗತ್ತಿನಲ್ಲಿ ಹಲವರಿದ್ದಾರೆ. ಅಮೆರಿಕದ ಜಾಕ್ ಲಂಡನ್ 1907ರಲ್ಲಿ ‘ಸ್ನಾರ್ಕ್’ ಎಂಬ ಹಾಯಿದೋಣಿಯಲ್ಲಿ ಪೆಸಿಫಿಕ್ ಸಾಗರಕ್ಕಿಳಿದರು. ಆ ಯಾನದ ಅವಧಿಯಲ್ಲೇ ‘ಮಾರ್ಟಿನ್ ಈಡನ್’ ಕಾದಂಬರಿ ಬರೆದರು. ನಮ್ಮ ದೇಶದಲ್ಲಿ ಆ ಬಗೆಯ ಬದುಕಿಗೆ ಹತ್ತಿರವಾದವರು ರವೀಂದ್ರರು.

ಅವರ ದೋಣಿಯ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 22ರ ತರುಣ ರವೀಂದ್ರರು ಅಲ್ಲಿಗೆ ಬಂದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಇಳಿತದ ನೀರಿನೊಡನೆ ಅಳಿವೆಯವರೆಗೆ ಮರಳಿ, ಅಲ್ಲಿಂದ ಮರಳಿನ ಮೇಲೆ ನಡೆದು ಮನೆ ಸೇರಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಆ ಕಾರವಾರದಲ್ಲಿಯೇ. ಪ್ರೀತಿಯನ್ನೂ ಲೋಕವನ್ನೂ ತೊರೆಯಲು ಹೊರಟ ಸಂನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯೊಬ್ಬಳು ಮತ್ತೆ ಜನರ ನಡುವೆ ಕರೆತರುವ ಕಥೆ ಅದು.

ಮುಂದಿನ ದಶಕದಲ್ಲಿ ತಂದೆ ಅವರಿಗೆ ಪೂರ್ವ ಬಂಗಾಳದ ಜಮೀನ್ದಾರಿಯನ್ನು ಒಪ್ಪಿಸಿದರು. ಶಿಲೈದಹ, ಶಾಜಾದ್‌ಪುರ ಮುಂತಾದ ಆ ಊರುಗಳು ಇಂದು ಬಾಂಗ್ಲಾದೇಶದಲ್ಲಿವೆ. ನದಿಗಳೇ ಅಲ್ಲಿನ ರಸ್ತೆಗಳು. ರವೀಂದ್ರರು ‘ಪದ್ಮಾ’ ಎಂಬ ಮನೆದೋಣಿಯಲ್ಲಿ ದಿನಗಟ್ಟಲೆ ವಾಸಿಸಿದರು. ಅದು ವಿಹಾರದ ದೋಣಿಯಷ್ಟೇ ಆಗಿರಲಿಲ್ಲ, ಕಚೇರಿಯೂ ಆಗಿತ್ತು. ಕಂದಾಯದ ಲೆಕ್ಕ, ರೈತರ ಅಹವಾಲು ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಉಳಿದ ಹೊತ್ತಿನಲ್ಲಿ ಅವರು ಕಿಟಕಿಯ ಬಳಿ ಕುಳಿತು ಬರೆಯುತ್ತಿದ್ದರು.

ಭೌತಶಾಸ್ತ್ರದಲ್ಲಿ ನೀವು ಸಾಪೇಕ್ಷ ಚಲನೆಯನ್ನು ಓದಿದ್ದೀರಿ. ಓಡುವ ರೈಲಿನ ಕಿಟಕಿಯಲ್ಲಿ ಊರುಗಳು ಸರಿದುಹೋಗುತ್ತವೆ. ಒಂದು ಮುಖವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಲಂಗರು ಹಾಕಿದ ದೋಣಿಯ ಕಿಟಕಿ ಬೇರೆ ತರಹದ್ದು. ಅಲ್ಲಿ ಚೌಕಟ್ಟು ನಿಂತಿರುತ್ತದೆ, ಬದುಕು ಅದರೊಳಗೆ ಬಂದು ಹೋಗುತ್ತದೆ. ದಡ ಕೂಗಳತೆಯಲ್ಲಿದ್ದರೂ ನಡುವೆ ನೀರಿರುವುದರಿಂದ ಬರೆಯುವವನಿಗೆ ಏಕಾಂತವೂ ಸಿಗುತ್ತದೆ, ಜನರೂ ಕಾಣುತ್ತಾರೆ.

1891ರಲ್ಲಿ ಅವರು ಕಂಡ ಎರಡು ದೃಶ್ಯಗಳನ್ನು ನೋಡಿ. ದಡದಲ್ಲಿ ದೊಡ್ಡದೊಂದು ಹಾಯಿಕಂಬ ಬಿದ್ದಿತ್ತು. ಹಳ್ಳಿಯ ಹುಡುಗರು ಅದನ್ನು ಉರುಳಿಸಿ ಆಡುತ್ತಿದ್ದರು. ಹುಡುಗಿಯೊಬ್ಬಳು ಬಂದು ಅದರ ಮೇಲೆಯೇ ಕುಳಿತುಬಿಟ್ಟಳು. ಇನ್ನೊಂದು ದಿನ, ಗಂಡುಹುಡುಗನಂತೆ ಕೂದಲು ಕತ್ತರಿಸಿಕೊಂಡ ದಿಟ್ಟ ನೋಟದ ಬಾಲೆಯೊಬ್ಬಳನ್ನು ದೋಣಿ ಹತ್ತಿಸಿ ಗಂಡನ ಮನೆಗೆ ಕಳುಹಿಸುತ್ತಿದ್ದರು. ಕಾರವಾರದ ಆ ಅಣ್ಣನ ಮಗಳು ಇಂದಿರಾಳಿಗೆ ಬರೆದ ಪತ್ರಗಳಲ್ಲಿ ಇವೆರಡೂ ಇವೆ. ಮೊದಲನೆಯದು ‘ಛುಟಿ’ ಕಥೆಯ ಆರಂಭವಾಯಿತು. ಎರಡನೆಯ ಬಾಲೆ ‘ಸಮಾಪ್ತಿ’ಯ ಮೃಣ್ಮಯಿಯಾದಳು. ಸತ್ಯಜಿತ್ ರಾಯ್ ಅವರ ‘ತೀನ್ ಕನ್ಯಾ’ (1961) ಚಿತ್ರದಲ್ಲಿ ನೀವು ಅವಳನ್ನು ನೋಡಬಹುದು. ‘ಗಲ್ಪಗುಚ್ಛ’ದ 84 ಕಥೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದ್ದು 1891ರಿಂದ 1895ರವರೆಗಿನ ಆ ವರ್ಷಗಳಲ್ಲಿ.

ಈಗ 1928ಕ್ಕೆ ಬರೋಣ. ರವೀಂದ್ರರಿಗೆ ಆಗ 67 ವರ್ಷ. ಆಕ್ಸ್‌ಫರ್ಡಿನಲ್ಲಿ ಹಿಬರ್ಟ್ ಉಪನ್ಯಾಸಗಳನ್ನು ನೀಡಲು ಇಂಗ್ಲೆಂಡಿಗೆ ಹೊರಟಿದ್ದರು. ಮದ್ರಾಸಿನಲ್ಲಿ ಆರೋಗ್ಯ ಕೆಟ್ಟಿತು. ಆದರೂ ಕೊಲಂಬೊವರೆಗೆ ಹೋದರು. ಮುಂದಿನ ಸಮುದ್ರಯಾನಕ್ಕೆ ದೇಹ ಒಪ್ಪಲಿಲ್ಲ. ಯಾತ್ರೆಯನ್ನು ಕೈಬಿಟ್ಟು ಬೆಂಗಳೂರಿಗೆ ಬಂದು, ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿ, ಹಳೆಯ ಗೆಳೆಯ ಬ್ರಜೇಂದ್ರನಾಥ ಸೀಲರ ಅತಿಥಿಯಾಗಿ ಬಾಲಬ್ರೂಯಿಯಲ್ಲಿ ಇಳಿದರು.

ಹಡಗು ತಪ್ಪಿತ್ತು, ಮೈಯಲ್ಲಿ ಸ್ವಸ್ಥವಿರಲಿಲ್ಲ, ಸಮುದ್ರ ನೂರಾರು ಮೈಲಿ ದೂರದಲ್ಲಿತ್ತು. ಅವರು ಮಾಡಿದ್ದು ಪದ್ಮಾ ನದಿಯಲ್ಲಿ ಕಲಿತ ಕೆಲಸವನ್ನೇ. ನಿಂತಲ್ಲಿ ಕುಳಿತು ಬರೆದರು. ಹಾಗೆ ಮುಗಿದ ಕಾದಂಬರಿಯಲ್ಲಿ ದಣಿದ ಮುದುಕನ ದನಿಯಿಲ್ಲ. ಅದರ ನಾಯಕ ಅಮಿತ್, ರವೀಂದ್ರನಾಥರ ಕಾವ್ಯ ಹಳತಾಯಿತೆಂದು ಗೇಲಿ ಮಾಡುತ್ತಾನೆ! ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವಷ್ಟು ಎಳೆಯ ಮನಸ್ಸು ಆ ಲೇಖನಿಯಲ್ಲಿತ್ತು. ನಿಂತುಹೋದ ಉಪನ್ಯಾಸಗಳನ್ನೂ ಅವರು 1930ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಕೊಟ್ಟುಬಂದರು.

ಕಾಯಿಲೆಯಿಂದಲೋ, ತಪ್ಪಿದ ಸೀಟಿನಿಂದಲೋ ನಿಮ್ಮ ಪಯಣವೂ ಒಮ್ಮೊಮ್ಮೆ ನಿಲ್ಲಬಹುದು. ನಿಂತ ದೋಣಿಯೆಲ್ಲ ಮುಳುಗಿದ ದೋಣಿಯಲ್ಲ. ಒಂದು ಭಾನುವಾರ ನೋಟ್ ಪುಸ್ತಕ ಹಿಡಿದು ಹಲಸೂರು ಕೆರೆಯ ದಂಡೆಗೋ, ನಿಮ್ಮೂರಿನ ಕೆರೆಯ ಏರಿಗೋ ಹೋಗಿ. ಒಂದು ಗಂಟೆ ಅಲ್ಲಾಡದೆ ಕುಳಿತು, ಕಣ್ಣೆದುರು ಬಂದುಹೋದವರ ಬಗ್ಗೆ ಹತ್ತು ಸಾಲು ಬರೆಯಿರಿ. ಹಾಯಿಕಂಬ ಉರುಳಿಸುವ ಹುಡುಗರು ಅಲ್ಲಿಯೂ ಸಿಕ್ಕಾರು.