ಮುಸದ್ದಿಲಾಲ್ ಮಾಡಿದ ಅಪರಾಧ

2001ರಲ್ಲಿ ಸಬ್ ಟಿವಿಯಲ್ಲಿ 'ಆಫೀಸ್ ಆಫೀಸ್' ಎಂಬ ಹಿಂದಿ ಹಾಸ್ಯ ಧಾರಾವಾಹಿ ಆರಂಭವಾಯಿತು. ರಾಜೀವ್ ಮೆಹ್ರಾ ಅದರ ನಿರ್ದೇಶಕರು. 1985ರಲ್ಲಿ ದೂರದರ್ಶನದ 'ಕರಮ್‌ಚಂದ್' ಆಗಿ ಗಜ್ಜರಿ ಕಡಿಯುತ್ತ ಕಳ್ಳರನ್ನು ಹಿಡಿದಿದ್ದ ಪಂಕಜ್ ಕಪೂರ್ ಇಲ್ಲಿ ಮುಸದ್ದಿಲಾಲ್ ಎಂಬ ಬಡಪಾಯಿ. ಕಂತು ಕಂತಿಗೂ ಅವನು ಹೋಗುವ ಕಚೇರಿ ಬೇರೆ, ಆದರೆ ಮೇಜಿನ ಹಿಂದಿನ ಮುಖಗಳು ಮಾತ್ರ ಅವೇ: ಪಾನ್ ಅಗಿಯುವ ಶುಕ್ಲಾ, ಸಮೋಸದ ಧ್ಯಾನದಲ್ಲಿರುವ ಭಾಟಿಯಾ, ಪ್ರತಿಯೊಂದಕ್ಕೂ ಎರಡೆರಡು ಸಾಧ್ಯತೆ ಹೇಳುವ ಪಟೇಲ್, ಜೊತೆಗೆ ಉಷಾಜಿ, ಪಾಂಡೇಜಿ. ಕಚೇರಿ ಯಾವುದಾದರೇನು, ಕೈ ಚಾಚುವವರು ಒಂದೇ ಜಾತಿಯವರು ಎಂಬುದನ್ನು ಧಾರಾವಾಹಿ ಹೀಗೆ ಹೇಳಿತು.

ಅವರು ಮಾಡುತ್ತಿದ್ದುದು ಅಪರಾಧವೇ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಮು ಇಂಥವರಿಗಾಗಿಯೇ ಇದೆ. ಆದರೂ ನಾವೆಲ್ಲ ಅವರನ್ನು ನೋಡಿ ನಕ್ಕೆವು. ಪರಿಚಯದವರನ್ನು ಕಂಡಂತೆ ನಕ್ಕೆವು. 1985ರ 'ರಜನಿ' ಧಾರಾವಾಹಿಯಲ್ಲಿ ಪ್ರಿಯಾ ತೆಂಡೂಲ್ಕರ್ ಇಂಥವರೊಡನೆ ಜಗಳಕ್ಕೆ ನಿಲ್ಲುತ್ತಿದ್ದರು. ಹದಿನಾರು ವರ್ಷಗಳಲ್ಲಿ ನಮ್ಮ ಕಿರುತೆರೆಯ ನಾಗರಿಕ ಜಗಳ ಬಿಟ್ಟು ಕೈ ಮುಗಿಯುವುದನ್ನು ಕಲಿತಿದ್ದ.

ಅವನ ಹೆಸರಿಗೂ ಒಂದು ಚರಿತ್ರೆ ಇದೆ. 'ಮುತಸದ್ದಿ' ಅರಬ್ಬಿ ಮೂಲದ ಪದ. ಕೆಲಸದ ಹೊಣೆ ಹೊತ್ತವನು ಎಂದರ್ಥ. ಮೊಗಲರ ಕಾಲದಲ್ಲಿ ಸೂರತ್ ಬಂದರಿನ ಆಡಳಿತಾಧಿಕಾರಿಯೂ ಮುತಸದ್ದಿಯೇ. ಹಿಂದಿಗೆ ಬಂದು ಅದು ಗುಮಾಸ್ತ 'ಮುಸದ್ದಿ' ಆಯಿತು. ಕನ್ನಡದಲ್ಲಿ ರಾಜಕಾರಣದ 'ಮುತ್ಸದ್ದಿ'ಯಾಗಿ ಮೇಲೇರಿತು. ಗುಮಾಸ್ತನ ಹೆಸರು ಹೊತ್ತವನೇ ಗುಮಾಸ್ತರ ಮುಂದೆ ನಿಂತು ಬೇಡುವ ವಿಪರ್ಯಾಸ ಉರ್ದು ಬಲ್ಲವರಿಗೆ ಥಟ್ಟನೆ ಹೊಳೆಯುತ್ತದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕೊಟ್ಟವನ ಗತಿಯೇನು? ಲಂಚ ಕೊಡುವವನನ್ನೂ ತೆಗೆದುಕೊಳ್ಳುವವನನ್ನೂ ಪ್ರವಾದಿಯವರು ಶಪಿಸಿದರೆಂದು ಹದೀಸ್ ಇದೆ. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಆದರೆ ತನಗೆ ನ್ಯಾಯವಾಗಿ ಸಲ್ಲಬೇಕಾದ ಹಕ್ಕು ಬೇರೆ ದಾರಿಯಿಂದ ಸಿಗದೆ, ಅನ್ಯಾಯ ತಪ್ಪಿಸಿಕೊಳ್ಳಲು ಕೊಟ್ಟವನ ಪಾಪ ತೆಗೆದುಕೊಂಡವನ ತಲೆಗೇ ಎಂದು ಅನೇಕ ಫಕೀಹರು ಹೇಳಿದ್ದಾರೆ. ಮುಸದ್ದಿಲಾಲನಂಥವರ ಸಂಕಟ ಅವರಿಗೆ ತಿಳಿದಿತ್ತು.

ನಮ್ಮ ಕಾಯ್ದೆಯೂ ಇದೇ ಗೊಂದಲದಲ್ಲಿ ನಡೆದು ಬಂದಿದೆ. ಮೊದಲು 24ನೇ ಕಲಮು, ಲಂಚ ಕೊಟ್ಟವನು ವಿಚಾರಣೆಯಲ್ಲಿ ಕೊಟ್ಟೆನೆಂದು ಹೇಳಿದರೆ ಆ ಮಾತನ್ನೇ ಹಿಡಿದು ಅವನ ಮೇಲೆ ಮೊಕದ್ದಮೆ ಹೂಡದಂತೆ ಕಾಯುತ್ತಿತ್ತು. 2018ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಕೊಟ್ಟವನಿಗೂ ಏಳು ವರ್ಷದವರೆಗೆ ಸೆರೆವಾಸವಾಗಬಹುದು. ಒತ್ತಾಯಕ್ಕೆ ಸಿಕ್ಕಿ ಕೊಟ್ಟವನಿಗೆ ವಿನಾಯಿತಿ ಉಂಟು. ಆದರೆ ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು.

ಕಾಯ್ದೆಯ ಉದ್ದೇಶವನ್ನು ನಾವು ಅನುಮಾನಿಸುತ್ತಿಲ್ಲ. ಕೊಡುವ ಕೈ ನಿಂತರೆ ತೆಗೆದುಕೊಳ್ಳುವ ಕೈಯೂ ನಿಲ್ಲಬಹುದು. ಆದರೆ ಗುತ್ತಿಗೆ ಹೊಡೆಯಲು ಕೊಟ್ಟ ಚೀಲವೂ ಪಿಂಚಣಿಗಾಗಿ ಕೊಟ್ಟ ನೋಟೂ ಒಂದೇ ಅಲ್ಲ. ಈ ಕಥೆ 2011ರಲ್ಲಿ ಚಲನಚಿತ್ರವಾದಾಗ ಮುಸದ್ದಿಲಾಲ್ ನಿವೃತ್ತ ಮೇಷ್ಟ್ರು. ಸರಕಾರಿ ಕಡತದಲ್ಲಿ ಅವನು ಸತ್ತುಹೋಗಿರುತ್ತಾನೆ. ಬದುಕಿದ್ದೇನೆಂದು ರುಜುವಾತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅಂಥವನಿಗೆ ಈ ಏಳು ದಿನಗಳು ಸಾಕೇ? ದೂರು ಕೊಡಲೂ ಅವನು ಹೋಗಬೇಕಾದದ್ದು ಇನ್ನೊಂದು ಕಚೇರಿಗೇ. ಅಲ್ಲಿನ ಮೇಜಿನ ಹಿಂದೆ ಶುಕ್ಲಾ ಕುಳಿತಿರದಂತೆ ನೋಡಿಕೊಳ್ಳುವುದು ಕಾಯ್ದೆ ಮಾಡಿದವರ ಹೊಣೆ, ನಕ್ಕು ಸುಮ್ಮನಾದ ನಮ್ಮೆಲ್ಲರ ಹೊಣೆಯೂ ಹೌದು.