ರೇಷ್ಮೆಯ ಎಳೆ ಮತ್ತು ವಿದ್ಯುತ್ತು

ಗದ್ವಾಲಿನ ಸೀರೆಗೆ ಒಡಲು ಹತ್ತಿಯದು, ಅಂಚುಸೆರಗುಗಳು ರೇಷ್ಮೆಯವು. ಆ ರೇಷ್ಮೆಗೆ ವಿದ್ಯುತ್ತಿನ ಚರಿತ್ರೆಯಲ್ಲಿಯೂ ಸ್ಥಾನವುಂಟೆಂಬುದನ್ನು ನಾವು ಮರೆಯಲಾಗದು.

೧೭೨೯ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬಾತನು, ಉಜ್ಜಿದ ಗಾಜಿನ ಕೊಳವೆಯ ಆವೇಶವನ್ನು ಹುರಿಯೊಂದರ ಮೂಲಕ ದೂರಕ್ಕೆ ಸಾಗಿಸಲೆಳಸಿದನು. ಹುರಿಯನ್ನು ತೂಗುಹಾಕಿದ್ದುದು ರೇಷ್ಮೆಯ ಎಳೆಗಳಿಂದ. ಅವು ಭಾರಕ್ಕೆ ಹರಿಯಲು ಹಿತ್ತಾಳೆಯ ತಂತಿ ಕಟ್ಟಿದನು. ತಂತಿಯೂ ಸಣ್ಣದೇ; ಆದರೂ ಆವೇಶವೆಲ್ಲ ಅದರಲ್ಲಿ ಸೋರಿಹೋಯಿತು. ಹಾಗಾದರೆ ರೇಷ್ಮೆ ಅದನ್ನು ತಡೆದದ್ದು ಸಣ್ಣದಾದುದರಿಂದಲ್ಲ, ರೇಷ್ಮೆಯಾದುದರಿಂದ! ವಾಹಕ, ಅವಾಹಕಗಳ ಭೇದವು ಹೀಗೆ ತಿಳಿದುಬಂದಿತು.

ಮುಂದೆ ಫ್ರಾನ್ಸಿನ ದ್ಯುಫೇ ಆವೇಶವು ಎರಡು ಬಗೆಯೆಂದನು. ರೇಷ್ಮೆಯಿಂದ ಉಜ್ಜಿದ ಗಾಜಿನದನ್ನು ಈಗ ಧನವೆನ್ನುತ್ತೇವೆ. ರೇಷ್ಮೆಯ ಪಾಲಿಗೆ ಋಣ.

ನಾರಾಯಣಪೇಟೆ, ಮಕ್ತಲ್‌ಗಳ ಶಾಲೆಗಳಲ್ಲಿ ಇದನ್ನು ತೋರಿಸಲು ಗಾಜಿನ ಕಡ್ಡಿ, ರೇಷ್ಮೆಯ ತುಂಡು, ಕಾಗದದ ಚೂರುಗಳು ಸಾಕು. ಒಣಹವೆಯ ದಿನವನ್ನೇ ಆರಿಸಬೇಕು. ಮಳೆಗಾಲದಲ್ಲಿ ತೇವವು ಆವೇಶವನ್ನು ಒಯ್ದುಬಿಡುತ್ತದೆ.